ಗಾಂದೋ ಗ್ರಾಮದ ಮಣ್ಣಿನ ಪಾಠಶಾಲೆ

ಪಶ್ಚಿಮ ಆಫ್ರಿಕದ ಒಳನಾಡಿನಲ್ಲಿ, ಸಮುದ್ರತೀರವೆಂಬುದನ್ನು ಕಾಣದ ಬುರ್ಕಿನಾ ಫಾಸೊ ದೇಶದಲ್ಲಿ, ಗೋಡೆ ಕಟ್ಟುವ ಹಸಿಮಣ್ಣಿಗೆ 'ಬಾಂಕೊ' ಎಂದು ಹೆಸರು. ಜೇಡಿಮಣ್ಣಿಗೆ ನೀರು ಹೊಯ್ದು, ಹುಲ್ಲನ್ನೋ ಹೊಟ್ಟನ್ನೋ ಕೂಡಿಸಿ, ಕಾಲಿನಿಂದ ತುಳಿತುಳಿದು ಹದಕ್ಕೆ ತಂದು, ಕೆಲವು ದಿವಸ ಕೊಳೆಯಲು ಬಿಟ್ಟು, ಆಮೇಲೆ ಉಂಡೆಯಾಗಿಯೋ ಇಟ್ಟಿಗೆಯಾಗಿಯೋ ಮಾಡಿಕೊಂಡು ಗೋಡೆಯೆಬ್ಬಿಸುವ ಈ ವಿದ್ಯೆ ನಮ್ಮ ಬಯಲುಸೀಮೆಯ ಮಾಳಿಗೆಮನೆಗಳಲ್ಲಿ ಬೆಳೆದವರಿಗೆ ಹೊಸತೆಂದು ತೋರಲಾರದು. ಆದರೆ ಈ ಪದಕ್ಕೆ ಎದುರಾಗಿ ಅಲ್ಲಿ ಇನ್ನೊಂದು ಮಾತು ಬಳಕೆಯಲ್ಲಿದೆ. ಸಿಮೆಂಟಿನ ಕಟ್ಟಡವನ್ನು ಅಲ್ಲಿನವರ ಫ್ರೆಂಚಿನಲ್ಲಿ 'ಆನ್ ದ್ಯೂರ್' ಎನ್ನುತ್ತಾರೆ. 'ಗಟ್ಟಿಯಾಗಿ ಕಟ್ಟಿದ್ದು' ಎಂದು ಅದರ ತಾತ್ಪರ್ಯ. ನಮ್ಮ ಸರ್ಕಾರದ ಕಾಗದಪತ್ರಗಳು ಮನೆಗಳನ್ನೆಲ್ಲ ಕಚ್ಚಾ, ಪಕ್ಕಾ ಎಂದು ಎರಡು ಪಂಗಡ ಮಾಡಿ, ಅಜ್ಜ ಮುತ್ತಜ್ಜಂದಿರು ಬಾಳಿ ಬದುಕಿದ ಮನೆಯನ್ನು ಒಂದೇ ಪದದಲ್ಲಿ ಅಪಕ್ವವೆಂದು ತೀರ್ಮಾನಿಸಿಬಿಡುವಂತೆ, ಆ ದೇಶದಲ್ಲಿಯೂ ಬಾಂಕೊ ಎಂದರೆ ದಾರಿದ್ರ್ಯ, ದ್ಯೂರ್ ಎಂದರೆ ಅಭ್ಯುದಯ ಎಂಬ ಭಾವನೆ ಜನಮನದಲ್ಲಿ ಬೇರೂರಿತು. ಜರ್ಮನಿಯಲ್ಲಿ ಹುಟ್ಟಿದ ಒಂದು ಪುಟ್ಟ ಧರ್ಮಸಂಸ್ಥೆ ಗಾಂದೋ ಎಂಬ ಹಳ್ಳಿಯಲ್ಲಿ 2001ರಲ್ಲಿ ಕಟ್ಟಿ ಮುಗಿಸಿದ ಪ್ರಾಥಮಿಕ ಶಾಲೆಯ ಕಥೆಯನ್ನು ಹೇಳಹೊರಟ ನಾನು, ಮೊದಲು ಈ ಎರಡು ಪದಗಳ ಕಥೆಯನ್ನು ಹೇಳದೆ ವಿಧಿಯಿಲ್ಲ.

ಗಾಂದೋ ಇರುವುದು ರಾಜಧಾನಿ ವಾಗಾದುಗುವಿನಿಂದ ಆಗ್ನೇಯಕ್ಕೆ, ಬಿಸ್ಸಾ ಜನರ ಸೀಮೆಯಾದ ಬೂಲ್ಗೂ ಪ್ರಾಂತದಲ್ಲಿ. ಆ ಪ್ರಾಂತದ ದೊಡ್ಡ ಊರು ತೆಂಕೊದೊಗೊ. ಮೊಸ್ಸಿ ಅರಸುಮನೆತನಗಳು ತಮ್ಮ ಮೂಲಸ್ಥಾನವೆಂದು ಎಣಿಸುವ ಈ ಊರಿನ ಹೆಸರಿಗೆ ಅವರ ಮೋರೆ ಭಾಷೆಯಲ್ಲಿ 'ಹಳೆಯ ಮಣ್ಣು', 'ಪುರಾತನ ಭೂಮಿ' ಎಂದು ಅರ್ಥ. ಮೊಸ್ಸಿ ಸಮಾಜದಲ್ಲಿ ಆಳುವ ದೊರೆ ಬೇರೆ, ಭೂಮಿಯ ಒಡೆಯನಾದ 'ತೆಂಗ್‌ಸೋಬ' ಬೇರೆ. ಕುದುರೆಯೇರಿ ಬಂದು ರಾಜ್ಯವನ್ನು ಗೆದ್ದವನಿಗೂ ನೆಲದೇವತೆಗೆ ಬಲಿ ಸಲ್ಲಿಸುವ ಅಧಿಕಾರ ದಕ್ಕಲಿಲ್ಲ, ಅದು ಆದಿವಾಸಿಗಳ ಕುಲದಲ್ಲಿಯೇ ಉಳಿಯಿತು. ಮಣ್ಣಿನ ವಿಷಯದಲ್ಲಿ ಇಂಥ ಗೌರವವುಳ್ಳ ಜನ ಮಣ್ಣಿನ ಮನೆಗೆ ನಾಚುವಂತಾದುದು ಒಂದು ದಿನದಲ್ಲಿ ಆದುದಲ್ಲ.

ಅಲ್ಲಿ ಮನೆ ಕಟ್ಟುವ ಕಾಲ ಸುಗ್ಗಿಯಾದ ಮೇಲಿನ ಒಣ ತಿಂಗಳುಗಳು. ಸಜ್ಜೆ ಜೋಳಗಳು ಕಣಜ ಸೇರಿ, ಮರಳುಗಾಡಿನ ಕಡೆಯಿಂದ ಹರ್ಮತಾನ್ ಎಂಬ ಒಣಗಾಳಿ ಧೂಳನ್ನು ಹೊತ್ತು ಬೀಸತೊಡಗಿದಾಗ ಕೈಗಳಿಗೆ ಬಿಡುವು ದೊರೆಯುತ್ತದೆ, ಇಟ್ಟಿಗೆಗೆ ಬಿಸಿಲು ದೊರೆಯುತ್ತದೆ. ಗೋಡೆಯೆಬ್ಬಿಸುವುದು ಗಂಡಸರ ಪಾಲು. ನೆಲ ಬಡಿಯುವುದು, ಗಿಲಾವು ಮಾಡುವುದು, ಬಣ್ಣ ಬಳಿಯುವುದು ಹೆಂಗಸರ ಪಾಲು. ನೆರೆಯ ಕಸ್ಸೇನ ಜನರ ತಿಯೆಬೆಲೆ ಎಂಬ ಊರಿನಲ್ಲಿ ಈ ಹೆಂಗಸರ ಕೈಚಳಕ ಎಷ್ಟರಮಟ್ಟಿಗೆ ಪ್ರಸಿದ್ಧವೆಂದರೆ, ಅಲ್ಲಿಯ ಅರಮನೆಯ ಆವರಣವನ್ನು 2024ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿಕೊಂಡಿತು. ಕೆಂಪು, ಕಪ್ಪು, ಬಿಳಿ ಮಣ್ಣುಗಳಿಂದ ಗೋಡೆಯ ಮೇಲೆ ರೇಖೆಗಳನ್ನು ಬರೆದು, ಕಲ್ಲಿನಿಂದ ತಿಕ್ಕಿ ನುಣುಪುಮಾಡಿ, ನೆರೆ ಎಂಬ ಮರದ ಕಾಯಿಸಿಪ್ಪೆಯನ್ನು ಕುದಿಸಿ ಇಳಿಸಿದ ಕಷಾಯವನ್ನು ಮೇಲೆ ಎರಚಿದರೆ ಗೋಡೆ ಮೆರುಗುಗೊಳ್ಳುತ್ತದೆ, ಮಳೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ತಕ್ಕಮಟ್ಟಿಗೆ ಎಂದೆ, ಏಕೆಂದರೆ ಬಾಂಕೊ ಗೋಡೆಗೆ ಮಳೆಯೇ ಶತ್ರು. ವರ್ಷವರ್ಷವೂ ಮಳೆಗಾಲಕ್ಕೆ ಮುನ್ನ ಅದರ ಶುಶ್ರೂಷೆ ಮಾಡಬೇಕು. ಮಾಡುವ ಕೈಗಳು ವಲಸೆ ಹೋದರೆ ಗೋಡೆ ಕರಗುತ್ತದೆ.

ಕೈಗಳನ್ನು ವಲಸೆಗೆ ಅಟ್ಟಿದವರು ಯಾರು? ಫ್ರೆಂಚರು ವಾಗಾದುಗುವನ್ನು ಹಿಡಿದುದು 1896ರಲ್ಲಿ. 1919ರಲ್ಲಿ 'ಮೇಲ್‌ವೋಲ್ಟಾ' ಎಂಬ ಪ್ರತ್ಯೇಕ ವಸಾಹತನ್ನು ನಿರ್ಮಿಸಿ ಹೆಸ್ಲಿಂಗ್ ಎಂಬಾತನನ್ನು ಅದರ ಮೊದಲ ರಾಜ್ಯಪಾಲನನ್ನಾಗಿ ಕಳುಹಿಸಿದರು. ಸಿಮೆಂಟು ಸಮುದ್ರದಿಂದ ಬರಬೇಕು, ರೈಲು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಆದುದರಿಂದ ಆತ ಕಚೇರಿಗಳನ್ನೂ ಅಧಿಕಾರಿಗಳ ವಸತಿಗಳನ್ನೂ ಬಾಂಕೊವಿನಿಂದಲೇ ಕಟ್ಟಿಸಿದನು. ನೋಡಿ ನಕ್ಕವರು ಆ ರಾಜಧಾನಿಗೆ 'ಬಾಂಕೊವಿಲ್', ಮಣ್ಣೂರು, ಎಂದು ಅಡ್ಡಹೆಸರಿಟ್ಟರು. ಅದೇ ಮಣ್ಣಿನ ಇಟ್ಟಿಗೆಯಿಂದ 1930ರ ದಶಕದಲ್ಲಿ ಕ್ರೈಸ್ತ ಪಾದ್ರಿಗಳು ಎಬ್ಬಿಸಿದ ಮಹಾದೇವಾಲಯ ಇಂದಿಗೂ ವಾಗಾದುಗುವಿನ ನಡುವೆ ನಿಂತಿದೆ. ಆದರೂ ನಗೆಯೇ ಗೆದ್ದಿತು, ಮಣ್ಣು ಸೋತಿತು. 1932ರಲ್ಲಿ ಆ ವಸಾಹತನ್ನೇ ಒಡೆದು ನೆರೆಯ ಮೂರು ವಸಾಹತುಗಳಿಗೆ ಹಂಚಿದರು. ದಂತತೀರವೆನಿಸಿದ ಐವರಿ ಕೋಸ್ಟಿಗೆ ದೊಡ್ಡ ಪಾಲು ಸಂದಿತು. ಅಲ್ಲಿಯ ಕಾಫಿ, ಕೋಕೊ ತೋಟಗಳಿಗೂ ರಸ್ತೆಗೂ ರೈಲಿಗೂ ಆಳು ಬೇಕಾಗಿತ್ತು. 1947ರಲ್ಲಿ ಹರಿದುದನ್ನು ಮರಳಿ ಹೊಲಿದರಾದರೂ, ದುಡಿಯಲು ದಕ್ಷಿಣಕ್ಕೆ ಹೋಗುವ ತರುಣರ ಸಾಲು ಆಮೇಲೆಯೂ ನಿಲ್ಲಲಿಲ್ಲ.

ಈ ರಾಜ್ಯಭಾರದೊಡನೆ ಬಂದುದು ಶಾಲೆ. ಫ್ರೆಂಚ್ ಆಫ್ರಿಕದ ಶಾಲೆಯ ಜಾತಕವನ್ನು ಬಿಡಿಸಿ ನೋಡಿದರೆ ಮೊದಲ ಮನೆಯಲ್ಲಿಯೇ ಒಂದು ವಕ್ರಗ್ರಹ ಕುಳಿತಿರುವುದು ಕಾಣುತ್ತದೆ: 19ನೆಯ ಶತಮಾನದ ನಡುವೆ ಸೆನೆಗಲ್ಲಿನ ಸೇಂಟ್ ಲೂಯಿಯಲ್ಲಿ ಫೆದೆರ್ಬ್ ಎಂಬ ರಾಜ್ಯಪಾಲನು ತೆರೆದ ವಿದ್ಯಾಲಯದ ಹೆಸರು 'ಒತ್ತೆಯಾಳುಗಳ ಶಾಲೆ'. ಸೋತ ನಾಯಕರ ಮಕ್ಕಳನ್ನು ಒತ್ತೆಯಿಟ್ಟುಕೊಂಡು, ಅವರಿಗೆ ಫ್ರೆಂಚು ಕಲಿಸಿ, ದುಭಾಷಿಗಳನ್ನಾಗಿ ಮಾಡಿ ಮರಳಿ ಕಳುಹಿಸುವುದು ಅದರ ಉದ್ದೇಶ. 1903ರಲ್ಲಿ ಹಳ್ಳಿಯ ಶಾಲೆ, ಪ್ರಾಂತದ ಶಾಲೆ, ನಗರದ ಶಾಲೆ ಎಂದು ವ್ಯವಸ್ಥೆಯೇನೋ ಏರ್ಪಟ್ಟಿತು. ಆದರೆ ತರಗತಿಯಲ್ಲಿ ತಾಯಿಭಾಷೆಯ ಮಾತು ಬಾಯಿತಪ್ಪಿ ಬಂದ ಹುಡುಗನ ಕೊರಳಿಗೆ 'ಸಿಂಬೋಲ್' ಎಂಬ ಅವಮಾನದ ಬಿಲ್ಲೆಯನ್ನು ತೂಗುಹಾಕುವ, ಇನ್ನೊಬ್ಬನು ಹಾಗೆ ತಪ್ಪುವವರೆಗೆ ಅವನು ಅದನ್ನು ಹೊತ್ತು ತಿರುಗುವ ಪದ್ಧತಿಯೂ ಅದರೊಡನೆ ನಡೆದುಬಂದಿತು. ಇಂಥ ಶಾಲೆಗೆ ಕುಲೀನರು ತಮ್ಮ ಮಗನನ್ನು ಬಚ್ಚಿಟ್ಟು ಆಳಿನ ಮಗನನ್ನು ಕಳುಹಿಸಿದ ಕಥೆಗಳು ಆ ಖಂಡದಲ್ಲಿ ಊರೂರಿಗೂ ಇವೆ.

1960ರಲ್ಲಿ ಸ್ವಾತಂತ್ರ್ಯ ಬಂದಿತು. ಶಾಲೆಗಳು ಹೆಚ್ಚಿದುವು, ಬೇಡಿಕೆ ಅದಕ್ಕಿಂತ ಹೆಚ್ಚಿತು. ಕಟ್ಟಡವಿಲ್ಲದ ಹಳ್ಳಿಗಳಲ್ಲಿ ತಂದೆತಾಯಿಗಳು ಕಂಬ ನೆಟ್ಟು ಹುಲ್ಲು ಹೊದಿಸಿ 'ಪಯೋಟ್' ಎಂಬ ಚಪ್ಪರ ಹಾಕಿ, ಅದರಡಿಯಲ್ಲಿ ಮಕ್ಕಳನ್ನು ಕೂರಿಸಿದರು. ಆ ಹುಲ್ಲು ಮುಂದಿನ ಮಳೆಗೆ ಉಳಿಯುವುದಿಲ್ಲ, ಗೆದ್ದಲು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಶಾಲೆಯನ್ನೇ ಹೊಸದಾಗಿ ಕಟ್ಟಬೇಕು. ಸರ್ಕಾರ ಕಟ್ಟಿಸಿದ ಹಳ್ಳಿಯ ಶಾಲೆಗಳಲ್ಲಿ ಬಹುತೇಕವಾಗಿ ಮೂರು ಕೊಠಡಿಗಳಿದ್ದು ತರಗತಿಗಳು ಆರಾದುದರಿಂದ, ಹೊಸ ಮಕ್ಕಳನ್ನು ವರ್ಷ ಬಿಟ್ಟು ವರ್ಷ ಸೇರಿಸಿಕೊಳ್ಳುವ ಒಂದು ವಿಚಿತ್ರವಾದ ಏರ್ಪಾಡು ಬಳಕೆಗೆ ಬಂದಿತು. ಅಂದರೆ ಈ ವರ್ಷ ಶಾಲೆ ಸೇರದೆ ಹೋದ ಮಗು ಎರಡು ವರ್ಷ ಕಾಯಬೇಕು. ಕಾಯುವಷ್ಟರಲ್ಲಿ ಅದರ ಕೈಗೆ ದನ ಕಾಯುವ ಕೋಲು ಬಂದಿರುತ್ತದೆ. 1983ರಿಂದ ನಾಲ್ಕು ವರ್ಷ ದೇಶವನ್ನಾಳಿದ ತೋಮಾಸ್ ಸಂಕಾರಾ, ಮೇಲ್‌ವೋಲ್ಟಾ ಎಂಬ ಪರಕೀಯ ಹೆಸರನ್ನು ಕಿತ್ತು, ಮೋರೆ ಭಾಷೆಯ ಒಂದು ಪದವನ್ನೂ ಜೂಲಾ ಭಾಷೆಯ ಒಂದು ಪದವನ್ನೂ ಜೋಡಿಸಿ ಬುರ್ಕಿನಾ ಫಾಸೊ, ಪ್ರಾಮಾಣಿಕರ ನಾಡು, ಎಂದು ನಾಮಕರಣ ಮಾಡಿದನು. ಕಾಯಾ ಊರಿನವರೆಗಿನ ರೈಲುಹಾದಿಗೆ ಕಂಬಿ ಹಾಸಲು ಸಾಮಾನ್ಯ ಪ್ರಜೆಗಳು ಕೈಕೊಟ್ಟುದು ಅವನ ಕಾಲದಲ್ಲಿಯೇ. ಊರೊಟ್ಟಿನ ದುಡಿಮೆ ಹಳೆಯ ಸಂಪ್ರದಾಯ. ಅದಕ್ಕೆ ಸರ್ಕಾರದ ಮುದ್ರೆ ಬಿದ್ದುದು ಆಗ.

ಇಷ್ಟು ಹೇಳಿದ ಮೇಲೆ, ಮುಂದೆ ಆ ಶಾಲೆಯನ್ನು ಕಟ್ಟಿಸಿದ ಗಾಂದೋವಿನ ಹುಡುಗನ ಬಳಿಗೆ ಬರಬಹುದು. ದಿಯೆಬೆದೊ ಫ್ರಾನ್ಸಿಸ್ ಕೆರೆ ಹುಟ್ಟಿದುದು 1965ರಲ್ಲಿ, ಊರಿನ ಮುಖ್ಯಸ್ಥನ ಹಿರಿಯ ಮಗನಾಗಿ. ತಂದೆಗೆ ಓದು ಬರುತ್ತಿರಲಿಲ್ಲ. ತನಗೆ ಬಂದ ಕಾಗದಗಳನ್ನು ಓದಿ ಹೇಳಲು ಮನೆಯಲ್ಲಿ ಒಬ್ಬನಿರಲಿ ಎಂದು, ಊರಿನಲ್ಲಿ ಶಾಲೆಯಿಲ್ಲದ ಕಾರಣ ಏಳು ವರ್ಷದ ಮಗನನ್ನು ತೆಂಕೊದೊಗೊವಿಗೆ ಕಳುಹಿಸಿದನು. ಆ ಹಳ್ಳಿಯಿಂದ ಶಾಲೆಗೆ ಹೋದ ಮೊದಲ ಮಗು ಅದು. ಅಲ್ಲಿಯ ತರಗತಿ ಸಿಮೆಂಟಿನದು, ಆನ್ ದ್ಯೂರ್. ನೂರಕ್ಕೂ ಮಿಕ್ಕು ಮಕ್ಕಳು ಗಾಳಿಬೆಳಕುಗಳಿಲ್ಲದ ಒಂದೇ ಕೋಣೆಯಲ್ಲಿ ಒತ್ತಿಕೊಂಡು ಕುಳಿತು, ಮೇಲಿನ ತಗಡಿನ ಕಾವಿಗೆ ಬೇಯುತ್ತ, ಅಕ್ಷರ ಕಲಿಯಬೇಕು. ಹೊರಗಿನ ಮಣ್ಣಿನ ಗುಡಿಸಲು ತಂಪಾಗಿದೆ, ಒಳಗಿನ 'ಗಟ್ಟಿ' ಶಾಲೆ ಒಲೆಯಾಗಿದೆ. ಹುಡುಗ ಅಲ್ಲಿ ಕಲಿತ ಪಾಠಗಳಲ್ಲಿ ಇದೂ ಒಂದು.

ರಜೆಯಲ್ಲಿ ಊರಿಗೆ ಬಂದು ಮರಳಿ ಹೊರಟಾಗಲೆಲ್ಲ ಅವನು ಮನೆಮನೆಗೆ ಹೋಗಿ ಹೇಳಿಹೋಗಬೇಕಾಗಿತ್ತು, ಆಗ ಹೆಂಗಸರು ಸೀರೆಯಂತೆ ಉಟ್ಟ ಬಟ್ಟೆಯ ಮಡಿಕೆ ಬಿಚ್ಚಿ ತಮ್ಮ ಕಡೆಯ ಕಾಸನ್ನು ಅವನ ಕೈಗಿಡುತ್ತಿದ್ದರು ಎಂದು ಆತನೇ ಮುಂದೆ ಸಭೆಗಳಲ್ಲಿ ಹೇಳಿದ್ದಾನೆ. ಗಾಂದೋ ಶಾಲೆಗೆ ಸಂದ ದಾನಗಳ ಲೆಕ್ಕವನ್ನು ಯಾರಾದರೂ ಬರೆಯುವುದಾದರೆ, ನನ್ನ ಅಭಿಪ್ರಾಯದಲ್ಲಿ, ಮೊದಲ ಕಲಮಿನಲ್ಲಿ ಈ ಕಾಸುಗಳನ್ನು ಜಮಾ ಮಾಡಿಕೊಳ್ಳತಕ್ಕದ್ದು.

1985ರಲ್ಲಿ ವಿದ್ಯಾರ್ಥಿವೇತನ ದೊರೆತು ಕೆರೆ ಬರ್ಲಿನ್ನಿಗೆ ಹೋದುದು ಬಡಗಿಯ ಕಸಬನ್ನು ಕಲಿಯಲು. ಮರ ವಿರಳವಾದ, ಇದ್ದ ಮರವನ್ನು ಗೆದ್ದಲು ಮುಕ್ಕುವ ನಾಡಿನಿಂದ ಬಂದವನಿಗೆ ಬಡಗಿತನ! ಹಗಲು ಉಳಿ ಹಿಡಿದು, ಸಂಜೆಯ ತರಗತಿಗಳಲ್ಲಿ ಓದಿ, ಕಡೆಗೆ ಆತ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಾಸ್ತುವಿದ್ಯೆಯ ವಿದ್ಯಾರ್ಥಿಯಾದನು. ಇತ್ತ ಊರಿಗೆ ತಡವಾಗಿ ಬಂದಿದ್ದ ಶಾಲೆಯ ಕಟ್ಟಡ ಜೀರ್ಣವಾಗಿ ಮುಚ್ಚುವ ಸ್ಥಿತಿಗೆ ಬಂದಿತ್ತು. 1998ರಲ್ಲಿ ಕೆರೆ ಗೆಳೆಯರನ್ನು ಕೂಡಿಕೊಂಡು ಸ್ಥಾಪಿಸಿದ ಸಂಘದ ಹೆಸರು 'ಶೂಲ್‌ಬೌಸ್ಟೈನೆ ಫ್ಯೂರ್ ಗಾಂದೋ', ಗಾಂದೋವಿಗಾಗಿ ಶಾಲೆಯ ಇಟ್ಟಿಗೆಗಳು. ಜರ್ಮನರಲ್ಲಿ ಕಟ್ಟಡಕ್ಕೆ ಚಂದಾ ಎತ್ತುವಾಗ ಕೊಡುವ ಚೀಟಿಗೂ 'ಇಟ್ಟಿಗೆ' ಎಂದೇ ಕರೆಯುವ ವಾಡಿಕೆಯಿರುವುದರಿಂದ ಆ ಹೆಸರಿನಲ್ಲಿ ಶ್ಲೇಷೆಯೂ ಇದೆ. ಸಹಪಾಠಿಗಳ ಬಳಿಗೆ ಹೋಗಿ, ಕಾಫಿಗೂ ಸಿಗರೇಟಿಗೂ ಖರ್ಚು ಮಾಡುವುದರಲ್ಲಿ ಒಂದಿಷ್ಟು ಉಳಿಸಿ ಕೊಡಿರೆಂದು ಬೇಡಿದನು. ಎರಡು ವರ್ಷದಲ್ಲಿ ಕೂಡಿದ ಹಣ ಸುಮಾರು 50,000 ಡಾಲರು.

ಕೆರೆ ಎಂಬ ಈ ಹೆಸರು ಕನ್ನಡದ ಕಿವಿಗೆ ಬಿದ್ದಾಗ ಮನಸ್ಸು ಬೇರೆಡೆಗೆ ಹರಿಯುವುದು ಸಹಜ. ಕೆರೆ ಕಟ್ಟಿಸುವುದನ್ನು ನಮ್ಮ ಹಿರಿಯರು ಮಹಾಪುಣ್ಯವೆಂದೆಣಿಸಿ, ಕಟ್ಟಿಸಿದವನ ಹೆಸರು, ವಂಶ, ಬಿಟ್ಟ ಭೂಮಿ ಎಲ್ಲವನ್ನೂ ಏರಿಯ ಮೇಲಿನ ಕಲ್ಲಿನಲ್ಲಿ ಕೆತ್ತಿಸಿದರು; ಏರಿಗೆ ಬುಟ್ಟಿಯಲ್ಲಿ ಮಣ್ಣು ಹೊತ್ತವರ ಹೆಸರಿಗೆ ಆ ಕಲ್ಲಿನಲ್ಲಿ ಎಡೆ ದೊರೆತುದು ಅಪೂರ್ವ. ದಾನಶಾಸನದ ಈ ದೋಷ ಆಫ್ರಿಕದಲ್ಲಿ ದಾನದ ಹಣದಿಂದ ಏಳುವ ಶಾಲೆಗಳಿಗೂ ಅಂಟಿಕೊಂಡಿದೆ. ಹೊರದೇಶದ ಸಂಸ್ಥೆ ಹಣ ಕಳುಹಿಸುತ್ತದೆ, ಗುತ್ತಿಗೆದಾರ ಸಿಮೆಂಟು ಇಳಿಸುತ್ತಾನೆ, ಫಲಕ ಏಳುತ್ತದೆ, ಊರವರು ಹಾರ ಹಿಡಿದು ನಿಲ್ಲುತ್ತಾರೆ. ಹತ್ತು ವರ್ಷದಲ್ಲಿ ಗೋಡೆ ಬಿರುಕುಬಿಟ್ಟರೆ ಅದನ್ನು ಮುಚ್ಚುವ ವಿದ್ಯೆ ಊರಿನಲ್ಲಿ ಯಾರಿಗೂ ಇರುವುದಿಲ್ಲ.

ಮಣ್ಣಿನಿಂದಲೇ ಶಾಲೆ ಕಟ್ಟೋಣವೆಂದು ಕೆರೆ ಬಂದು ಹೇಳಿದಾಗ ಗಾಂದೋವಿನ ಜನ ಹರ್ಷಿಸಲಿಲ್ಲ, ಬೆಚ್ಚಿದರು. ಮಣ್ಣಿನ ಗೋಡೆ ಕಟ್ಟುವುದಕ್ಕೆ ಯೂರೋಪಿನವರೆಗೆ ಹೋಗಿ ಓದಬೇಕಾಗಿತ್ತೆ ಎಂಬುದು ಅವರ ಪ್ರಶ್ನೆ. ಒಂದು ಮಳೆಗಾಲವನ್ನೂ ತಾಳದ ಮಣ್ಣನ್ನು ಮಕ್ಕಳ ತಲೆಯ ಮೇಲೆ ನಿಲ್ಲಿಸುವುದೆ ಎಂಬುದು ಅವರ ಭಯ. ಎರಡೂ ನ್ಯಾಯವಾದುವೇ. ಮಾತಿನಿಂದ ಒಪ್ಪಿಸುವುದು ಅಸಾಧ್ಯವೆಂದರಿತ ಕೆರೆ ಮಾದರಿಗಾಗಿ ಇಟ್ಟಿಗೆಯ ಒಂದು ಕಮಾನನ್ನು ಕಟ್ಟಿಸಿ, ಅದರ ಮೇಲೆ ಹುಡುಗರನ್ನು ಹತ್ತಿಸಿ ಕುಣಿಸಿದನು. ಕಮಾನು ಕದಲಲಿಲ್ಲ. ಊರು ಕೆಲಸಕ್ಕೆ ಇಳಿಯಿತು.

ಈ ಇಟ್ಟಿಗೆ ಹಳೆಯ ಬಾಂಕೊ ಅಲ್ಲ. ಅಲ್ಲಿಯ ಕೆಮ್ಮಣ್ಣಿಗೆ ನೂರಕ್ಕೆ ಹತ್ತರಷ್ಟೂ ಮೀರದ ಸಿಮೆಂಟು ಬೆರೆಸಿ, ಕೈಯಿಂದ ನಡೆಯುವ ಯಂತ್ರದಲ್ಲಿಟ್ಟು ಸನ್ನೆಯ ಬಲದಿಂದ ಒತ್ತಿದರೆ, ಸುಡದೆಯೇ ಮಳೆಗೆ ಕರಗದಷ್ಟು ಬಿಗಿಯಾದ ಇಟ್ಟಿಗೆ ದೊರೆಯುತ್ತದೆ. 1950ರ ದಶಕದಲ್ಲಿ ಕೊಲಂಬಿಯಾ ದೇಶದಲ್ಲಿ ರಾಮಿರೆಸ್ ಎಂಬ ಎಂಜಿನಿಯರು ರೂಪಿಸಿದ 'ಸಿನ್ವಾ ರಾಮ್' ಎಂಬ ಯಂತ್ರದ ಸಂತತಿ ಇದು. ಇದೇ ವಿದ್ಯೆಯ ಇನ್ನೊಂದು ಕವಲು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಬೆಳೆಯಿತು. 1974ರಲ್ಲಿ ಅಲ್ಲಿ ಹುಟ್ಟಿದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶ್ ಮೊದಲಾದವರು ಒತ್ತುಮಣ್ಣಿನ ಇಟ್ಟಿಗೆಯ ಮೇಲೆ ದೀರ್ಘಕಾಲ ಸಂಶೋಧನೆ ನಡೆಸಿದುದರ ಫಲವಾಗಿ ಬೆಂಗಳೂರಿನ ಸುತ್ತಮುತ್ತ ಅಂಥ ಮನೆಗಳು ಅನೇಕವೆದ್ದಿವೆ. ಗಾಂದೋವಿನ ಶಾಲೆಯ ಚಿತ್ರವನ್ನು ನೋಡಿದ ಕನ್ನಡಿಗನಿಗೆ ಆ ಗೋಡೆಯ ಬಣ್ಣ ಪರಿಚಿತವೆನಿಸಿದರೆ ಅದಕ್ಕೆ ಕಾರಣವಿದೆ.

ಗೋಡೆಗಿಂತಲೂ ಛಾವಣಿಯಲ್ಲಿ ಜಾಣತನ ಹೆಚ್ಚು. ಮೂರು ಕೊಠಡಿಗಳನ್ನು ಒಂದೇ ಸಾಲಿನಲ್ಲಿಟ್ಟು, ನಡುನಡುವೆ ಮಕ್ಕಳು ನೆರಳಿನಲ್ಲಿ ಕೂರಲು ತೆರೆದ ಪಡಸಾಲೆ ಬಿಟ್ಟು, ಕೊಠಡಿಗಳ ಮೇಲೆ ಇಟ್ಟಿಗೆಗಳನ್ನೇ ಗಾರೆಯಿಲ್ಲದೆ ಸಂದು ಬಿಟ್ಟು ಜೋಡಿಸಿ ಒಳಮಾಳಿಗೆ ಮಾಡಿದರು. ತಗಡನ್ನು ಅದರ ಮೇಲೆ ನೇರವಾಗಿ ಹೊದಿಸದೆ, ಕಾಂಕ್ರೀಟಿಗೆ ಹಾಕುವ ಸಾಧಾರಣ ಕಬ್ಬಿಣದ ಸರಳುಗಳನ್ನು ಬೆಸೆದು ಮಾಡಿದ ಹಂದರದ ಮೇಲೆ ಎತ್ತರಿಸಿ ನಿಲ್ಲಿಸಿದರು. ಬಿಸಿಲು ತಗಡನ್ನು ಕಾಯಿಸಿದರೆ ಅದರಡಿಯ ಗಾಳಿ ಹಗುರಾಗಿ ಹೊರಕ್ಕೆ ಹರಿಯುತ್ತದೆ; ಕೊಠಡಿಯ ಸೆಕೆ ಇಟ್ಟಿಗೆಯ ಸಂದಿನಿಂದ ಮೇಲೇರುತ್ತದೆ; ಆ ತೆರವನ್ನು ತುಂಬಲು ಕಿಟಕಿಯಿಂದ ತಂಗಾಳಿ ಒಳಬರುತ್ತದೆ. ವಿದ್ಯುತ್ತಿಲ್ಲ, ಬೀಸಣಿಗೆಯಿಲ್ಲ. ಹೊರಚಾಚಿದ ಸೂರು ಮಳೆಯಿಂದ ಗೋಡೆಯನ್ನು ಕಾಯುತ್ತದೆ. ಎತ್ತುವ ಯಂತ್ರಗಳು ಬರಲಾಗದ ಹಳ್ಳಿಯಲ್ಲಿ ಭಾರಿ ತೊಲೆಗಳ ಮಾತೇ ಇಲ್ಲ. ಕೈಗರಗಸವನ್ನೂ ಪುಟ್ಟ ವೆಲ್ಡಿಂಗ್ ಯಂತ್ರವನ್ನೂ ಹಿಡಿಯಲು ಕಲಿತ ಊರ ತರುಣರೇ ಆ ಹಂದರವನ್ನು ಮಾಡಿದರು.

ಊರಿನ ಮಕ್ಕಳು ತಳಪಾಯಕ್ಕೆ ಕಲ್ಲುಗಳನ್ನು ಹೊತ್ತು ತಂದರು, ಹೆಂಗಸರು ಇಟ್ಟಿಗೆಗೆ ನೀರು ಹೊತ್ತರು. ಗಾಂದೋವಿನ ಕಟ್ಟಡಗಳಲ್ಲಿ ನೆಲ ಬಡಿದ ಬಗೆಯನ್ನು ಕೆರೆ ಬಣ್ಣಿಸಿರುವುದುಂಟು: ಮೊದಲು ತರುಣರು ಸಾಲಾಗಿ ನಿಂತು ತಾಸುಗಟ್ಟಲೆ ಬಡಿದರು, ಆಮೇಲೆ ಅವರ ತಾಯಂದಿರು ಬಂದು, ಬಾಗಿ ಕುಳಿತು, ನೀರು ಚಿಮುಕಿಸುತ್ತ ಮತ್ತೆ ತಾಸುಗಟ್ಟಲೆ ಬಡಿದರು, ಕಡೆಗೆ ನುಣುಪುಗಲ್ಲು ಹಿಡಿದವರು ಬಂದು ತಿಕ್ಕಿದರು. ದಿಮ್ಮಸು ಹಾಕಿ ನೆಲ ಗಟ್ಟಿಮಾಡಿದ ಮನೆಗಳಲ್ಲಿ ಬೆಳೆದವರಿಗೆ ಆ ಸದ್ದು ಕೇಳಿಸದಿರದು. ತಲತಲಾಂತರದಿಂದ ಮನೆಯ ನೆಲಕ್ಕೆ ಮಾಡುತ್ತಿದ್ದ ಕೆಲಸವನ್ನೇ ಈ ಹೆಂಗಸರು ತಾವು ಎಂದೂ ಕೂತು ಓದದ ಕೋಣೆಯ ನೆಲಕ್ಕೆ ಮಾಡಿದರು. ಬರ್ಲಿನ್ನಿನ ಚಂದಾ ಹಣ ಸಿಮೆಂಟಿಗೂ ಕಬ್ಬಿಣಕ್ಕೂ ತಗಡಿಗೂ ಸಂದಿತು; ಮಣ್ಣಿಗೂ ಮೈಗೂ ಬೆಲೆ ಕಟ್ಟಿದವರಿಲ್ಲ.

ಮುಂದಿನದನ್ನು ಸಂಕ್ಷೇಪವಾಗಿ ಹೇಳಬಹುದು. 2004ರಲ್ಲಿ ಈ ಶಾಲೆಗೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂದಿತು. ಕೆರೆ ಪದವಿ ಪಡೆದುದೂ ಅದೇ ವರ್ಷ, ಎಂದರೆ ಕಟ್ಟಡ ಕಟ್ಟಿದವನು ಅಲ್ಲಿಯವರೆಗೂ ವಿದ್ಯಾರ್ಥಿಯೇ. ಅಧ್ಯಾಪಕರಿಗೆ ಮನೆಗಳಾದುವು, ಶಾಲೆ ವಿಸ್ತಾರಗೊಂಡಿತು, 120 ಮಕ್ಕಳಿದ್ದಲ್ಲಿ 700 ಮಕ್ಕಳಾದರು. ನೆರೆಯ ಹಳ್ಳಿಗಳೂ ಊರೊಟ್ಟಿನಿಂದ ಶಾಲೆ ಕಟ್ಟಿಕೊಳ್ಳಲು ಮುಂದಾದುವು. ಗಾಂದೋವಿನಲ್ಲಿ ಕೆಲಸ ಕಲಿತವರಿಗೆ ಹೊರಗೂ ಕೂಲಿ ದೊರೆಯಿತು. 2022ರಲ್ಲಿ ವಾಸ್ತುವಿದ್ಯೆಯ ಪರಮಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಆಫ್ರಿಕದವನೊಬ್ಬನಿಗೆ ಮೊದಲ ಬಾರಿ ಸಂದುದು ಈತನಿಗೆ. ದೇಶದ ಕಥೆ ಇಷ್ಟು ಸುಖದ್ದಲ್ಲ. ಸಶಸ್ತ್ರ ಗುಂಪುಗಳ ಹಾವಳಿಯಿಂದ 2023ರ ವೇಳೆಗೆ ಬುರ್ಕಿನಾ ಫಾಸೊದಲ್ಲಿ ಬಾಗಿಲು ಮುಚ್ಚಿದ ಶಾಲೆಗಳು ಆರು ಸಾವಿರಕ್ಕೂ ಮಿಕ್ಕಿದ್ದುವು. ಮಳೆಗೆ ಹೆದರಿ ಮಣ್ಣಿನ ಗೋಡೆಯನ್ನು ಶಂಕಿಸಿದ ಹಿರಿಯರಿಗೆ ಇಂಥದೊಂದು ಭಯ ಹೊಳೆದಿರಲಾರದು.

ಶಾಲೆಯ ಮಗ್ಗುಲಿಗೆ ಪುಸ್ತಕಭಂಡಾರವೊಂದನ್ನು ಕಟ್ಟಹೊರಟಾಗ ಅದರ ತಾರಸಿಗಾಗಿ ಊರಿನ ಹೆಂಗಸರನ್ನು ಮಣ್ಣಿನ ಗಡಿಗೆಗಳನ್ನು ಕೇಳಿದರು. ಅವರು ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ತಂದು ಒಪ್ಪಿಸಿದರು. ಗಡಿಗೆಯ ಬಾಯನ್ನೂ ತಳವನ್ನೂ ಕುಯ್ದು, ಬಳೆಯಂತೆ ಉಳಿದ ನಡುಭಾಗಗಳನ್ನು ಸಾಲಾಗಿ ನಿಲ್ಲಿಸಿ, ಸುತ್ತ ಕಾಂಕ್ರೀಟು ಸುರಿದರೆ, ಗಡಿಗೆಯಿದ್ದಲ್ಲೆಲ್ಲ ಗಾಳಿಗೂ ಬೆಳಕಿಗೂ ಒಂದೊಂದು ಕಿಂಡಿ. ಹೊತ್ತೇರಿದಂತೆ ಆ ಕಿಂಡಿಗಳಿಂದ ಬಿದ್ದ ದುಂಡು ಬಿಸಿಲುಗಳು ನೆಲದ ಮೇಲೆ ಸರಿಯುತ್ತವೆ. ಅಲ್ಲಿ ಶಿಲಾಶಾಸನದ ಅಗತ್ಯ ನನಗೆ ಕಾಣದು. ಯಾವ ಬಿಸಿಲು ಯಾರ ಮನೆಯ ಗಡಿಗೆಯದೆಂದು ಬೆರಳಿಟ್ಟು ತೋರಿಸಬಲ್ಲ ಮುದುಕಿಯೊಬ್ಬಳು ಆ ಊರಿನಲ್ಲಿ ಇದ್ದರೂ ಇರಬಹುದು.